ಟೆಂಡರ್ ಕರೆಯದೆ ಕೊಟ್ಟ ಗುತ್ತಿಗೆ: ಕಡತದಲ್ಲಿ ಏನಿರಬೇಕು, ಹೊರಗೆ ಏನು ಪ್ರಕಟವಾಗಬೇಕು?

ಪ್ರಶ್ನೆ: ಖರೀದಿ ಶಾಖೆಯವನು

ನಮಸ್ಕಾರ. ಒಂದು ಸಾರ್ವಜನಿಕ ಸಂಸ್ಥೆಯ ಖರೀದಿ ಶಾಖೆಗೆ ನಾನು ಬಂದು ಐದು ತಿಂಗಳಾಯಿತು. ಇಲ್ಲಿನ ಪ್ರಯೋಗಾಲಯದ ಒಂದು ಯಂತ್ರದ ವಾರ್ಷಿಕ ನಿರ್ವಹಣೆಯನ್ನು ಸತತ ಮೂರನೆಯ ವರ್ಷವೂ ಟೆಂಡರ್ ಕರೆಯದೆ ಒಂದೇ ಕಂಪನಿಗೆ ವಹಿಸಲಾಗಿದೆ. ಈಚೆಗೆ ಸಾರ್ವಜನಿಕರೊಬ್ಬರು ಆ ಗುತ್ತಿಗೆಯ ಕಾಗದಪತ್ರಗಳನ್ನು ಕೇಳಿ ಅರ್ಜಿ ಹಾಕಿದ್ದರಿಂದ ಕಡತ ನನ್ನ ಮೇಜಿಗೆ ಬಂತು. ತೆರೆದು ನೋಡಿದರೆ ಟಿಪ್ಪಣಿ ಹಾಳೆಯಲ್ಲಿ ಇರುವುದು ಒಂದೇ ವಾಕ್ಯ: ‘ಸದರಿ ಕಂಪನಿಯು ಏಕೈಕ ಸೇವಾದಾರರಾಗಿರುವುದರಿಂದ ಅವರ ದರಪಟ್ಟಿಯನ್ನು ಅನುಮೋದನೆಗಾಗಿ ಮಂಡಿಸಿದೆ.’ ಕೆಳಗೆ ಮೂರು ಸಹಿಗಳಿವೆ, ಒಂದಕ್ಕೆ ದಿನಾಂಕವಿಲ್ಲ. ಎರಡನೆಯ ಮತ್ತು ಮೂರನೆಯ ವರ್ಷದ ಟಿಪ್ಪಣಿಗಳು ಮೊದಲನೆಯದರ ಯಥಾವತ್ ನಕಲು. ಎರಡನೆಯ ವರ್ಷದ ಹಾಳೆಯಲ್ಲಂತೂ ಇಸವಿಯನ್ನು ತಿದ್ದುವ ಗೋಜಿಗೂ ಯಾರೂ ಹೋಗಿಲ್ಲ.

ಮೇಲಧಿಕಾರಿಗಳು ‘ಕಾರ್ಯಾದೇಶದ ಪ್ರತಿಯೊಂದನ್ನು ಕೊಟ್ಟು ಮುಗಿಸಿ’ ಎಂದಿದ್ದಾರೆ. ಹಿರಿಯ ಸಹೋದ್ಯೋಗಿಯೊಬ್ಬರು ‘ಕಾರಣಗಳನ್ನು ಈಗ ವಿವರವಾಗಿ ಬರೆದು ಕಡತಕ್ಕೆ ಸೇರಿಸಿಬಿಡಿ, ಆಮೇಲೆ ಕೊಡಿ’ ಎನ್ನುತ್ತಾರೆ. ಎರಡೂ ನನಗೆ ಸರಿ ಕಾಣುತ್ತಿಲ್ಲ. ನಮಗೆ ಅನ್ವಯಿಸುವ ನಿಯಮಾವಳಿ ನನ್ನ ಬಳಿ ಇದೆ. ಆದರೆ ಮುಂದೆ ಇಂಥ ಖರೀದಿಗಳಿಗೆ ಶಾಖೆಯೊಳಗೇ ಒಂದು ಕೈಪಿಡಿ ಬರೆಯಬೇಕೆಂದಿರುವುದರಿಂದ ಬೇರೆ ಬೇರೆ ವ್ಯವಸ್ಥೆಗಳಲ್ಲಿ ಏನು ಕೇಳುತ್ತಾರೆ ಎಂದು ತಿಳಿಯುವ ಆಸೆ. ಸ್ಪರ್ಧೆಯಿಲ್ಲದ ಖರೀದಿಯ ಕಡತದಲ್ಲಿ ಕನಿಷ್ಠ ಏನೇನಿರಬೇಕು? ಸಾರ್ವಜನಿಕರಿಗೆ ಯಾವಾಗ ಏನನ್ನು ತಿಳಿಸಬೇಕು, ಏನನ್ನು ಮುಚ್ಚಿಡಬಹುದು? ಎಷ್ಟು ವರ್ಷ ಕಾಪಾಡಬೇಕು? ಎಲ್ಲಕ್ಕಿಂತ ಮೊದಲು, ಈ ಹಳೆಯ ಕಡತವನ್ನು ನಾನು ಏನು ಮಾಡಲಿ?

ಉತ್ತರ: ನಿವೃತ್ತ ಲೆಕ್ಕಪರಿಶೋಧಕ

ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ತಪ್ಪಿದರೆ ನೌಕರಿಗೇ ಸಂಚಕಾರ. ಹಳೆಯ ಟಿಪ್ಪಣಿ ಹಾಳೆಯನ್ನು ಮುಟ್ಟಬೇಡಿ. ದಿನಾಂಕವಿಲ್ಲದ ಸಹಿಗೆ ಈಗ ದಿನಾಂಕ ಹಾಕಿಸಬೇಡಿ, ಖಾಲಿ ಜಾಗದಲ್ಲಿ ಒಂದು ಸಾಲನ್ನೂ ತುಂಬಿಸಬೇಡಿ. ಕಡತದ ಪುಟಗಳಿಗೆ ಸಂಖ್ಯೆ ಹಾಕಿಲ್ಲದಿದ್ದರೆ ಇವತ್ತೇ ಹಾಕಿ, ಒಟ್ಟು ಎಷ್ಟು ಪುಟಗಳಿವೆ ಎಂದು ಬರೆದು, ಇಂದಿನ ದಿನಾಂಕದಡಿ ಹೊಸ ಟಿಪ್ಪಣಿಯೊಂದನ್ನು ಮಂಡಿಸಿ: ಅರ್ಜಿ ಬಂದ ದಿನ ಕಡತ ಹೀಗಿತ್ತು, ಏಕೈಕ ಸೇವಾದಾರರೆಂಬ ಹೇಳಿಕೆಗೆ ಆಧಾರವಾದ ದಾಖಲೆ ಯಾವುದೂ ಕಂಡುಬಂದಿಲ್ಲ, ತಯಾರಕರಿಂದ ಸ್ಪಷ್ಟನೆ ಕೇಳಲು ಅನುಮತಿ ಬೇಕು. ಕಾರಣ ಇಲ್ಲದ ಕಡತವು ಒಂದು ಲೋಪ ಮಾತ್ರ; ಆಮೇಲೆ ಕಾರಣ ಹುಟ್ಟಿಸಿದ ಕಡತ ಸುಳ್ಳು ದಾಖಲೆಯಾಗುತ್ತದೆ. ಮೊದಲನೆಯದಕ್ಕೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ, ಎರಡನೆಯದಕ್ಕೆ ಪೊಲೀಸರು ಬರುತ್ತಾರೆ. ಹಿಂದಿನ ತೇದಿ ಹಾಕಿದ ಟಿಪ್ಪಣಿಗಳು ಸಿಕ್ಕಿಬೀಳುವುದು ಬಹಳ ಸಣ್ಣ ಕಾರಣಗಳಿಂದ. ನಾನೇ ಒಮ್ಮೆ ನೋಡಿದ ಕಡತದಲ್ಲಿ, ‘ತುರ್ತು’ ಎಂದು ಬರೆದ ಟಿಪ್ಪಣಿಯ ದಿನಾಂಕದಂದು ಸಹಿ ಮಾಡಿದ ಅಧಿಕಾರಿ ಆ ಹುದ್ದೆಗೆ ಇನ್ನೂ ವರದಿಯಾಗಿಯೇ ಇರಲಿಲ್ಲ.

ಇನ್ನು ಕಡತದಲ್ಲಿ ಏನಿರಬೇಕೆಂಬುದು. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗವಾದ ಅನ್‌ಸಿಟ್ರಾಲ್ 2011ರಲ್ಲಿ ಸಾರ್ವಜನಿಕ ಖರೀದಿಗೆ ಒಂದು ಮಾದರಿ ಕಾನೂನನ್ನು ಅಂಗೀಕರಿಸಿತು. ಅದರಲ್ಲಿ ಮುಕ್ತ ಟೆಂಡರ್ ಸಾಮಾನ್ಯ ನಿಯಮ, ಉಳಿದ ವಿಧಾನಗಳು ಅಪವಾದ. ಅಪವಾದದ ದಾರಿ ಹಿಡಿದವರು ಯಾವ ಕಾರಣ ಮತ್ತು ಸಂದರ್ಭಗಳನ್ನು ನೆಚ್ಚಿ ಹಾಗೆ ಮಾಡಿದರೆಂಬುದು ಖರೀದಿಯ ದಾಖಲೆಯಲ್ಲಿ ಇರಲೇಬೇಕು. ಒಬ್ಬರಿಂದಲೇ ಕೊಳ್ಳಲು ಅದು ಒಪ್ಪುವ ಸನ್ನಿವೇಶಗಳು ಬೆರಳೆಣಿಕೆಯಷ್ಟು: ವಸ್ತು ಒಬ್ಬರ ಬಳಿ ಮಾತ್ರ ಸಿಗುವುದು ಅಥವಾ ಅದರ ಮೇಲೆ ಒಬ್ಬರಿಗೇ ಹಕ್ಕಿರುವುದು, ಮಹಾ ಅವಘಡದಿಂದಾದ ತೀವ್ರ ತುರ್ತು, ಈಗಾಗಲೇ ಇರುವ ಯಂತ್ರೋಪಕರಣಕ್ಕೆ ಹೊಂದಲೇಬೇಕಾದ ಹೆಚ್ಚುವರಿ ಸರಬರಾಜು, ದೇಶದ ಭದ್ರತೆ, ಹಾಗೂ ಸಾರ್ವಜನಿಕರ ಅಭಿಪ್ರಾಯ ಕೇಳಿ ಮೇಲಿನ ಪ್ರಾಧಿಕಾರದ ಅನುಮೋದನೆ ಪಡೆದ ಕೆಲವು ಸಾಮಾಜಿಕ, ಆರ್ಥಿಕ ಉದ್ದೇಶಗಳು. ಭಾರತದ 2017ರ ಸಾಮಾನ್ಯ ಹಣಕಾಸು ನಿಯಮಗಳ 166ನೆಯ ನಿಯಮವೂ ಏಕ ಟೆಂಡರಿಗೆ ಹೆಚ್ಚುಕಡಿಮೆ ಇಂಥವೇ ಮೂರು ಬಾಗಿಲುಗಳನ್ನು ತೆರೆದಿಟ್ಟಿದೆ: ಒಬ್ಬನೇ ತಯಾರಕ, ತುರ್ತು, ಮತ್ತು ಬಿಡಿಭಾಗಗಳ ಹೊಂದಾಣಿಕೆ.

ಸಮರ್ಥನಾ ಟಿಪ್ಪಣಿಯ ಒಳವಿವರದಲ್ಲಿ ನನಗೆ ತುಂಬಾ ಉಪಯುಕ್ತವೆನಿಸಿದ್ದು ಅಮೆರಿಕದ ಫೆಡರಲ್ ಕಾನೂನು. ಅಲ್ಲಿ ಏನು ಬೇಕಾಗಿದೆ, ಯಾವ ಅಪವಾದದಡಿ ಕೊಳ್ಳಲಾಗುತ್ತಿದೆ ಎಂದು ಬರೆದರೆ ಸಾಲದು. ಬೆಲೆ ನ್ಯಾಯಯುತ ಎಂದು ಹೇಗೆ ತೀರ್ಮಾನಿಸಿದಿರಿ, ಮಾರುಕಟ್ಟೆಯಲ್ಲಿ ವಿಚಾರಿಸಿದ್ದು ಹೇಗೆ, ವಿಚಾರಿಸದಿದ್ದರೆ ಏಕೆ, ತಮಗೂ ಆಸಕ್ತಿಯಿದೆ ಎಂದು ಲಿಖಿತವಾಗಿ ತಿಳಿಸಿದ ಬೇರೆಯವರು ಯಾರು, ಮುಂದಿನ ಖರೀದಿಗೆ ಮೊದಲು ಸ್ಪರ್ಧೆಗಿರುವ ಅಡ್ಡಿಯನ್ನು ತೆಗೆಯಲು ಏನು ಮಾಡುತ್ತೀರಿ ಎಂಬುದನ್ನೆಲ್ಲ ಬರೆಯಬೇಕು. ಮುಂಚಿತವಾಗಿ ಯೋಜಿಸದೇ ಇದ್ದದ್ದನ್ನೂ, ಉಳಿದಿರುವ ಅನುದಾನದ ಚಿಂತೆಯನ್ನೂ ಕಾರಣವಾಗಿ ಒಡ್ಡುವಂತಿಲ್ಲ ಎಂದು ಆ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ವರ್ಷಾಂತ್ಯದ ಕಡೆಯ ವಾರದಲ್ಲಿ ಎಲ್ಲ ಕಚೇರಿಗಳಲ್ಲೂ ಹುಟ್ಟಿಕೊಳ್ಳುವ ‘ತುರ್ತು’ಗಳನ್ನು ಕಂಡವರಿಗೆ ಈ ಮಾತಿನ ಬೆಲೆ ಗೊತ್ತು.

ನಿಮ್ಮ ಕೈಪಿಡಿಯಲ್ಲಿ ‘ಅಡ್ಡಿಯನ್ನು ತೆಗೆಯಲು ಏನು ಮಾಡುತ್ತೀರಿ’ ಎಂಬ ಅಂಕಣವನ್ನು ಬಿಡಬೇಡಿ. ಮೊದಲ ವರ್ಷ ‘ಯಂತ್ರದ ದುರಸ್ತಿ ಕೈಪಿಡಿ ನಮ್ಮ ಬಳಿ ಇಲ್ಲ, ತಯಾರಕರಿಂದ ತರಿಸುತ್ತೇವೆ’ ಎಂದು ಬರೆದವರು ಎರಡನೆಯ ವರ್ಷ ‘ತರಿಸಿದೆವು’ ಅಥವಾ ‘ಕೇಳಿದೆವು, ಕೊಡಲಿಲ್ಲ’ ಎಂದು ಬರೆಯಲೇಬೇಕಾಗುತ್ತದೆ. ಹಾಗಿದ್ದಾಗ ಹಳೆಯ ಟಿಪ್ಪಣಿಯನ್ನು ನಕಲು ಮಾಡುವ ಚಾಳಿ ತಾನಾಗಿ ನಿಲ್ಲುತ್ತದೆ.

ಉತ್ತರ: ವಕೀಲರು

ಮೇಲಿನವರು ಹೇಳಿದ್ದಕ್ಕೆ ಪ್ರಕಟಣೆಯ ಸಮಯದ ವಿಷಯವನ್ನು ಸೇರಿಸುತ್ತೇನೆ. ಪ್ರಕಟಣೆಯಲ್ಲಿ ಎರಡು ಬಗೆ: ಗುತ್ತಿಗೆ ಕೊಡುವ ಮುನ್ನ ‘ಹೀಗೆ ಮಾಡಲಿದ್ದೇವೆ’ ಎಂದು ಸಾರುವುದು ಮತ್ತು ಕೊಟ್ಟ ಮೇಲೆ ‘ಹೀಗೆ ಮಾಡಿದೆವು’ ಎಂದು ತಿಳಿಸುವುದು. ಇವೆರಡರಿಂದ ಆಗುವ ಕೆಲಸ ಬೇರೆ ಬೇರೆ. ಮೊದಲನೆಯದು ತಪ್ಪನ್ನು ತಡೆಯುತ್ತದೆ, ಎರಡನೆಯದು ತಪ್ಪಾಗಿದ್ದರೆ ಅದನ್ನು ಹಿಡಿಯಲು ನೆರವಾಗುತ್ತದೆ.

ಅನ್‌ಸಿಟ್ರಾಲ್ ಮಾದರಿಯಲ್ಲಿ ಮಹಾ ಅವಘಡದಂಥ ಸಂದರ್ಭ ಬಿಟ್ಟರೆ ಮುನ್‌ಪ್ರಕಟಣೆ ಬೇಕು. ಬ್ರಿಟನ್ನಿನ 2023ರ ಖರೀದಿ ಕಾಯಿದೆ 2025ರ ಫೆಬ್ರವರಿ 24ರಿಂದ ಜಾರಿಯಲ್ಲಿದೆ; ಅದರಡಿಯಲ್ಲಿ ನೇರವಾಗಿ ಗುತ್ತಿಗೆ ಕೊಡುವ ಮುನ್ನ ‘ಪಾರದರ್ಶಕತಾ ಪ್ರಕಟಣೆ’ ಹೊರಡಿಸಬೇಕು. ಐರೋಪ್ಯ ಒಕ್ಕೂಟದಲ್ಲಿ ಗುತ್ತಿಗೆಯಾದ 30 ದಿನಗಳೊಳಗೆ ಪ್ರದಾನದ ಪ್ರಕಟಣೆ, ಅಂದರೆ ಗುತ್ತಿಗೆಯನ್ನು ಯಾರಿಗೆ ಕೊಟ್ಟೆವೆಂಬ ಪ್ರಕಟಣೆ, ಕಡ್ಡಾಯ, ಮುನ್‌ಪ್ರಕಟಣೆ ಸ್ವಯಂಪ್ರೇರಿತ. ಆದರೆ ಮುನ್‌ಪ್ರಕಟಣೆ ಹೊರಡಿಸಿ ಕನಿಷ್ಠ 10 ದಿನ ಕಾದ ಸಂಸ್ಥೆಗೆ, ಟೆಂಡರ್ ಬೇಕಿಲ್ಲವೆಂದು ಅದು ಮನಗಂಡದ್ದು ನಿಜವಾಗಿಯೂ ವಿಚಾರಿಸಿಯೇ ಆಗಿದ್ದರೆ, ಅಕ್ರಮವಾಗಿ ನೇರವಾಗಿ ಕೊಟ್ಟದ್ದೆಂದು ಆ ಗುತ್ತಿಗೆ ಅಸಿಂಧುವಾಗುವ ಅಪಾಯದಿಂದ ರಕ್ಷಣೆ ಸಿಗುತ್ತದೆ. ಅಲ್ಲಿ ಇದನ್ನು ದಂಡದ ಭಯದಿಂದಲ್ಲ, ಸ್ವಂತ ಲಾಭಕ್ಕಾಗಿ ಮಾಡುತ್ತಾರೆ. ಕಾನೂನು ರೂಪಿಸುವ ಜಾಣ ವಿಧಾನವೆಂದರೆ ಇದೇ ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಸಮರ್ಥನಾ ಪತ್ರವನ್ನೇ, ಅಂದರೆ ಬರಿಯ ಗುತ್ತಿಗೆಯ ಸಾರಾಂಶವನ್ನಲ್ಲ, ಗುತ್ತಿಗೆಯಾದ 14 ದಿನಗಳೊಳಗೆ ಜಾಲತಾಣದಲ್ಲಿ ಹಾಕಬೇಕು. ತುರ್ತಿನ ಅಪವಾದಕ್ಕೆ 30 ದಿನ.

ಭಾರತದಲ್ಲಿ 2006ರ ಅಲ್ ಫಹೀಮ್ ಮೀಟ್ ಎಕ್ಸ್‌ಪೋರ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಾರ್ವಜನಿಕ ಸಂಸ್ಥೆಗಳ ಗುತ್ತಿಗೆಗೆ ಟೆಂಡರ್ ಅಥವಾ ಬಹಿರಂಗ ಹರಾಜೇ ಸಾಮಾನ್ಯ ನಿಯಮವೆಂದು ಹೇಳಿತು. ಅದನ್ನು ಆಧರಿಸಿ ಕೇಂದ್ರ ಜಾಗೃತ ಆಯೋಗವು 2007ರ ಜುಲೈನಲ್ಲಿ, ಯಾರನ್ನೋ ಹೆಸರಿಸಿ ಕೊಟ್ಟ ಗುತ್ತಿಗೆಗಳನ್ನೆಲ್ಲ ಸಂಸ್ಥೆಯ ಆಡಳಿತ ಮಂಡಳಿಯ ಪರಿಶೀಲನೆಗೆ ಒಪ್ಪಿಸುವಂತೆ ಸೂಚಿಸಿತು.

ಈಗ ನಿಮ್ಮ ಮೇಲಧಿಕಾರಿಗಳ ಮಾತು. ಕಾರ್ಯಾದೇಶ ಮಾತ್ರ ಕೊಟ್ಟು ಟಿಪ್ಪಣಿ ಹಾಳೆಯನ್ನು ತಡೆಹಿಡಿಯುವುದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಭಾರತದ 2005ರ ಮಾಹಿತಿ ಹಕ್ಕು ಕಾಯಿದೆಯನ್ನೇ ತೆಗೆದುಕೊಂಡರೆ, ಕಡತದ ಟಿಪ್ಪಣಿಗಳೂ ಮಾಹಿತಿಯೇ. ವ್ಯಾಪಾರ ರಹಸ್ಯಕ್ಕೆ 8(1)(ಡಿ) ಅಡಿಯಲ್ಲಿ ವಿನಾಯಿತಿ ಇದೆ, ಆದರೆ ವಿಶಾಲ ಸಾರ್ವಜನಿಕ ಹಿತಾಸಕ್ತಿ ಇದ್ದಾಗ ಅದೂ ಸಡಿಲವಾಗುತ್ತದೆ. ಹಾಳೆಯಲ್ಲಿ ಒಂದು ಸಾಲು ರಹಸ್ಯವಾಗಿದ್ದರೆ ಆ ಸಾಲನ್ನು ಮುಚ್ಚಿ ಉಳಿದದ್ದನ್ನು ಕೊಡಬೇಕೆಂದು 10ನೆಯ ಕಲಮು ಹೇಳುತ್ತದೆ. ಬೇರೆ ದೇಶಗಳ ಕಾನೂನುಗಳಲ್ಲೂ ಇಂಥದೇ ತರ್ಕ. ಯಂತ್ರದ ಒಳವಿನ್ಯಾಸದ ನಕ್ಷೆ ರಹಸ್ಯವಾಗಿರಬಹುದು, ಸಂಸ್ಥೆ ಕೊಟ್ಟ ಬೆಲೆ ಸಾಮಾನ್ಯವಾಗಿ ರಹಸ್ಯವಾಗಲಾರದು, ಒಬ್ಬರನ್ನೇ ಆರಿಸಿದ ಕಾರಣವಂತೂ ಎಂದಿಗೂ ಅಲ್ಲ. ಕಂಪನಿಯವರು ದರಪಟ್ಟಿಯ ಪ್ರತಿ ಪುಟಕ್ಕೂ ‘ಗೋಪ್ಯ’ ಎಂಬ ಮುದ್ರೆ ಒತ್ತಿ ಕಳುಹಿಸುತ್ತಾರೆ. ಆ ಮುದ್ರೆಗೆ ಸ್ವಂತ ಬಲವಿಲ್ಲ. ಯಾವ ಭಾಗ ಏಕೆ ಗೋಪ್ಯವೆಂದು ಅವರಿಂದ ಬರೆಸಿಕೊಂಡು, ನೀವು ಸ್ವತಂತ್ರವಾಗಿ ತೀರ್ಮಾನಿಸಬೇಕು.

ಉತ್ತರ: ಸರಬರಾಜುದಾರ

ನಾನು ಬೇಲಿಯ ಆಚೆ ಇರುವವನು. ಸಣ್ಣ ಸೇವಾ ಕಂಪನಿ ನಡೆಸುತ್ತೇನೆ, ಇಂಥ ಮುನ್‌ಪ್ರಕಟಣೆಗಳನ್ನು ವಾರಕ್ಕೊಮ್ಮೆ ಹುಡುಕಿ ಓದುತ್ತೇನೆ. ಅವುಗಳಲ್ಲಿ ಅನೇಕವು ಓದುವವರಿಗಾಗಿ ಬರೆದಂತಿರುವುದಿಲ್ಲ. ಬೇಕಾದ ವಸ್ತುವಿನ ವಿವರಣೆಯ ಜಾಗದಲ್ಲಿ ಒಂದೇ ಕಂಪನಿಯ ಮಾದರಿ ಸಂಖ್ಯೆ ಇರುತ್ತದೆ, ಆಮೇಲೆ ‘ಈ ಮಾದರಿ ಬೇರೆಯವರಲ್ಲಿ ಲಭ್ಯವಿಲ್ಲ’ ಎಂದಿರುತ್ತದೆ. ಲಭ್ಯವಿರುವುದು ಹೇಗೆ? ದಯವಿಟ್ಟು ಆ ಯಂತ್ರದಿಂದ ಆಗಬೇಕಾದ ಕೆಲಸವೇನು, ಯಾವ ನಿಖರತೆ ಬೇಕು, ಎಷ್ಟು ಗಂಟೆಯೊಳಗೆ ದುರಸ್ತಿಗೆ ಬರಬೇಕು ಎಂದು ಬರೆಯಿರಿ. ‘ನಾವೂ ಮಾಡಬಲ್ಲೆವು’ ಎಂದು ತಿಳಿಸಲು ಒಂದು ವಿಳಾಸ ಕೊಡಿ, ಆ ವಿಳಾಸಕ್ಕೆ ಬಂದ ಪತ್ರವನ್ನು ಒಬ್ಬರು ತೆರೆದು ನೋಡುವ ವ್ಯವಸ್ಥೆಯೂ ಇರಲಿ.

ಇನ್ನೊಂದು, ಒಟ್ಟು ಮೊತ್ತದ ಜೊತೆ ಬಿಡಿ ದರವನ್ನೂ ಅಳತೆಯ ಮಾನದೊಂದಿಗೆ ಪ್ರಕಟಿಸಿ. ಉಕ್ರೇನಿನಲ್ಲಿ ಯುದ್ಧದ ಕಾರಣ ಸೇನೆಯ ಖರೀದಿಯ ವಿವರಗಳು ಮುಚ್ಚಿದ್ದವು. 2023ರ ಜನವರಿಯಲ್ಲಿ ಸೈನಿಕರ ಊಟಕ್ಕೆ ಕೊಳ್ಳುವ ಒಂದು ಮೊಟ್ಟೆಗೆ 17 ಹ್ರಿವ್ನಿಯಾ ದರ ಹಾಕಿದ್ದು ಪತ್ರಿಕೆಯಲ್ಲಿ ಬಂತು. ಅಂಗಡಿಯಲ್ಲಿ ಆಗ ಅದರ ಬೆಲೆ ಸುಮಾರು 7. ಸಚಿವಾಲಯ ಕೊಟ್ಟ ಸಮಜಾಯಿಷಿಯಲ್ಲಿ ಅಳತೆಯ ಮಾನ ಬರೆಯುವಾಗ ಆದ ತಾಂತ್ರಿಕ ತಪ್ಪಿನ ಮಾತಿತ್ತು. ನಿಜವೇನೇ ಇರಲಿ, ಆಮೇಲೆ ಶಸ್ತ್ರಾಸ್ತ್ರವಲ್ಲದ ಇಂಥ ವಸ್ತುಗಳ ಬಿಡಿ ದರವನ್ನು ಯುದ್ಧದ ನಡುವೆಯೂ ಪ್ರಕಟಿಸುವಂತೆ ಕಾನೂನು ತಿದ್ದಿದರು. ಒಟ್ಟು ಮೊತ್ತವೊಂದನ್ನೇ ನೋಡಿದವರಿಗೆ ಆ ಮೊಟ್ಟೆಯ ದರ ಕಾಣುತ್ತಲೇ ಇರಲಿಲ್ಲ.

ಉತ್ತರ: ಉಗ್ರಾಣದವರು

ಎಲ್ಲರ ಮಾತೂ ಸರಿ, ಆದರೆ ನಾನು ಒಂದು ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುವವಳು. ಆಮ್ಲಜನಕದ ಸಿಲಿಂಡರು ಮುಗಿಯಲು ಆರು ಗಂಟೆ ಉಳಿದಿರುವಾಗ ಮಾರುಕಟ್ಟೆ ಶೋಧ, ಮುನ್‌ಪ್ರಕಟಣೆ ಎಂದು ಕೂರಲು ಆಗುವುದಿಲ್ಲ. ನಿಮ್ಮ ಕೈಪಿಡಿಯನ್ನು ದಪ್ಪವಾಗಿಸಿದಷ್ಟೂ ಜನ ಅದನ್ನು ಆಮೇಲೆ ತುಂಬುವ ನಮೂನೆಯಾಗಿ ನೋಡತೊಡಗುತ್ತಾರೆ, ಮತ್ತೆ ಅದೇ ಹಿಂದಿನ ತೇದಿಯ ರೋಗ.

ಉತ್ತರ: ನಿವೃತ್ತ ಲೆಕ್ಕಪರಿಶೋಧಕ

ಮೇಡಂ, ನಿಮ್ಮ ಆಕ್ಷೇಪ ನ್ಯಾಯವಾದದ್ದೇ. ತುರ್ತಿನಲ್ಲಿ ಮೊದಲು ಕೊಳ್ಳಿ. ಯಾವ ಕಾನೂನೂ ಬೇಡವೆನ್ನುವುದಿಲ್ಲ. ಅಮೆರಿಕದವರು ತುರ್ತಿನ ಸಮರ್ಥನೆಯನ್ನು ಗುತ್ತಿಗೆ ಕೊಟ್ಟ ಮೇಲೆ ಬರೆಯಲೂ ಅವಕಾಶ ಕೊಟ್ಟಿದ್ದಾರೆ. ಆದರೆ ಅಂಥ ಗುತ್ತಿಗೆ ತುರ್ತು ಇರುವಷ್ಟು ಕಾಲಕ್ಕೆ ಸೀಮಿತವಾಗಿರಬೇಕು, ಇಲಾಖೆಯ ಮುಖ್ಯಸ್ಥರು ವಿಶೇಷ ಸಂದರ್ಭವೆಂದು ತೀರ್ಮಾನಿಸದ ಹೊರತು ಒಂದು ವರ್ಷವನ್ನು ಮೀರಬಾರದು. ಆರು ಗಂಟೆಯ ತುರ್ತಿಗೆ ಮೂರು ದಿನದ ಸಿಲಿಂಡರು ಸಾಕು, ಮೂರು ವರ್ಷದ ಗುತ್ತಿಗೆ ಬೇಕಿಲ್ಲ.

ಕೋವಿಡ್ ಸಮಯದ ಬ್ರಿಟನ್ ಇದಕ್ಕೆ ನಿದರ್ಶನ. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2020ರ ನವೆಂಬರಿನಲ್ಲಿ ಕೊಟ್ಟ ವರದಿಯ ಪ್ರಕಾರ, ಜುಲೈ ಅಂತ್ಯದವರೆಗೆ ಕೊಟ್ಟ ಸುಮಾರು 1,800 ಕೋಟಿ ಪೌಂಡುಗಳ ಗುತ್ತಿಗೆಗಳಲ್ಲಿ 1,050 ಕೋಟಿಯಷ್ಟು ಸ್ಪರ್ಧೆಯಿಲ್ಲದೆ ನೇರವಾಗಿ ಹೋಗಿತ್ತು. ಪರಿಶೋಧಕರು ತುರ್ತನ್ನು ಅಲ್ಲಗಳೆಯಲಿಲ್ಲ. ಅವರು ಎತ್ತಿ ತೋರಿಸಿದ್ದು ಕಡತಗಳ ಸ್ಥಿತಿಯನ್ನು: ಆ ಕಂಪನಿಯನ್ನೇ ಏಕೆ ಆರಿಸಲಾಯಿತೆಂಬ ದಾಖಲೆ ಕೆಲವೆಡೆ ಸಾಲದು, ಕೆಲವು ಗುತ್ತಿಗೆಗಳು ಕೆಲಸ ಆಗಲೇ ಶುರುವಾದ ಮೇಲೆ ಪೂರ್ವಾನ್ವಯವಾಗಿ ಆದವು. ಮುಂದೆ 2021ರ ಫೆಬ್ರವರಿಯಲ್ಲಿ ಹೈಕೋರ್ಟು, ಪ್ರದಾನದ ಪ್ರಕಟಣೆಗಳನ್ನು 30 ದಿನಗಳೊಳಗೆ ಹೊರಡಿಸದೆ ಆರೋಗ್ಯ ಸಚಿವರು ಕಾನೂನನ್ನು ಉಲ್ಲಂಘಿಸಿದರೆಂದು ತೀರ್ಪಿತ್ತಿತು.

ನಿಮ್ಮಂಥ ಕಡೆ ಉಗ್ರಾಣದ ಮೇಜಿನ ಮೇಲೊಂದು ಪುಸ್ತಕ ಇಡಿ. ತುರ್ತು ಗಮನಕ್ಕೆ ಬಂದ ಗಂಟೆ, ಫೋನು ಮಾಡಿ ಕೇಳಿದ ಮೂವರು, ಅವರು ಹೇಳಿದ ದರ, ಒಪ್ಪಿಗೆ ಕೊಟ್ಟವರು: ನಾಲ್ಕು ಸಾಲು, ಆಗಿಂದಾಗಲೇ ಪೆನ್ನಿನಲ್ಲಿ. ಆಮೇಲೆ ಟೈಪು ಮಾಡಿದ ಎರಡು ಪುಟಕ್ಕಿಂತ ಪರಿಶೋಧಕರು ನಂಬುವುದು ಅದನ್ನೇ.

ಉತ್ತರ: ದಾಖಲೆ ಕೊಠಡಿ

ಎಷ್ಟು ವರ್ಷ ಕಾಪಾಡಬೇಕೆಂಬುದಕ್ಕೆ ಯಾರೂ ಉತ್ತರಿಸಿಲ್ಲ. ಅಮೆರಿಕದ ಫೆಡರಲ್ ಗುತ್ತಿಗೆ ಕಡತಗಳಿಗೆ ಅಂತಿಮ ಪಾವತಿಯಾದ ಮೇಲೆ 6 ವರ್ಷ. ಐರೋಪ್ಯ ನಿರ್ದೇಶನದಲ್ಲಿ ಗುತ್ತಿಗೆ ಕೊಟ್ಟ ದಿನದಿಂದ ಕನಿಷ್ಠ 3 ವರ್ಷ. ಬ್ರಿಟನ್ನಿನ ಹೊಸ ಕಾಯಿದೆಯಲ್ಲೂ ಮುಖ್ಯ ತೀರ್ಮಾನಗಳನ್ನು ವಿವರಿಸಬಲ್ಲ ದಾಖಲೆಗಳಿಗೆ 3 ವರ್ಷ. ಅಂಕಿಗಿಂತ ಎಣಿಕೆ ಎಲ್ಲಿಂದ ಶುರುವಾಗುತ್ತದೆ ಎಂಬುದರ ಮೇಲೆ ಕಣ್ಣಿಡಿ. ಐದು ವರ್ಷ ನಡೆಯುವ ಗುತ್ತಿಗೆಗೆ ಕೊಟ್ಟ ದಿನದಿಂದ ಮೂರು ವರ್ಷ ಎಣಿಸಿದರೆ, ಕೆಲಸ ಮುಗಿಯುವ ಮೊದಲೇ ಕಾರಣದ ಹಾಳೆ ಚೂರಾಗಿರುತ್ತದೆ. ಕೈಪಿಡಿಯಲ್ಲಿ ಕೊನೆಯ ಪಾವತಿಯಿಂದ ಎಣಿಸಿ, ಲೆಕ್ಕಪರಿಶೋಧನೆಯ ಆಕ್ಷೇಪಣೆ ಅಥವಾ ವ್ಯಾಜ್ಯ ಬಾಕಿಯಿದ್ದರೆ ಅದು ತೀರುವವರೆಗೂ ಇಡಿ.

ತಿದ್ದುಪಡಿಗಳನ್ನೂ ಮೂಲ ಗುತ್ತಿಗೆಯ ಅದೇ ಸಂಖ್ಯೆಯಡಿ ಪ್ರಕಟಿಸಿ. ಚಿಕ್ಕ ಮೊತ್ತಕ್ಕೆ ನೇರವಾಗಿ ಕೊಟ್ಟು, ‘ಹೆಚ್ಚುವರಿ ಕೆಲಸ’ ಎಂಬ ಹೆಸರಿನಲ್ಲಿ ಎರಡು ಸಲ ಹಿಗ್ಗಿಸಿದ ಗುತ್ತಿಗೆಗಳು ಪ್ರಕಟಣೆಯ ಪಟ್ಟಿಯಲ್ಲಿ ಚಿಕ್ಕದಾಗಿಯೇ ಉಳಿದುಬಿಡುತ್ತವೆ. ಸಾರ್ವಜನಿಕ ಗುತ್ತಿಗೆಗಳ ವಿವರವನ್ನು ಒಂದೇ ಕ್ರಮದಲ್ಲಿ ಪ್ರಕಟಿಸಲೆಂದು ರೂಪಿಸಿದ ‘ಮುಕ್ತ ಗುತ್ತಿಗೆ ದತ್ತಾಂಶ ಮಾನಕ’ದಲ್ಲಿ (ಓಪನ್ ಕಾಂಟ್ರ್ಯಾಕ್ಟಿಂಗ್ ಡೇಟಾ ಸ್ಟ್ಯಾಂಡರ್ಡ್) ಖರೀದಿಯ ವಿಧಾನಕ್ಕೆ ಒಂದು ಅಂಕಣ, ಆ ವಿಧಾನವನ್ನು ಆರಿಸಿದ ಕಾರಣಕ್ಕೆ ಬೇರೆಯೇ ಅಂಕಣ, ತಿದ್ದುಪಡಿಗಳಿಗೆ ಮತ್ತೊಂದು ಇದೆ. ನಿಮ್ಮ ವಹಿಗೂ ಆ ಅಂಕಣಗಳನ್ನೇ ಎರವಲು ಪಡೆಯಬಹುದು. ಒಂದು ಸಲಹೆ: ಸ್ಕ್ಯಾನ್ ಮಾಡಿದ ಚಿತ್ರಗಳನ್ನಲ್ಲ, ಹುಡುಕಬಲ್ಲ ಪಠ್ಯವನ್ನು ಹಾಕಿ. ಓರೆಯಾಗಿ ಸ್ಕ್ಯಾನ್ ಮಾಡಿದ 140 ಪುಟಗಳನ್ನು ಜಾಲತಾಣಕ್ಕೆ ಏರಿಸಿ ‘ಪ್ರಕಟಿಸಿದ್ದೇವೆ’ ಎಂದವರನ್ನು ನೋಡಿದ್ದೇನೆ.

ಮರುಬರಹ: ಖರೀದಿ ಶಾಖೆಯವನು

ಎಲ್ಲರಿಗೂ ಕೃತಜ್ಞತೆಗಳು. ಹೇಳಿದಂತೆ ಪುಟಸಂಖ್ಯೆ ಹಾಕಿದೆ, 37 ಪುಟಗಳಿದ್ದವು. ಇಂದಿನ ದಿನಾಂಕದ ಟಿಪ್ಪಣಿಯನ್ನು ಮಂಡಿಸಿದಾಗ ಮೇಲಧಿಕಾರಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದರು, ದಿನಾಂಕವನ್ನೂ ಹಾಕಿದರು. ಅರ್ಜಿದಾರರಿಗೆ ಟಿಪ್ಪಣಿ ಹಾಳೆಗಳ ಸಹಿತ ಪ್ರತಿಗಳು ಹೋದವು. ಮುಚ್ಚಿದ್ದು ಕಂಪನಿಯ ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಮಾತ್ರ. ತಯಾರಕರಿಂದಲೂ ಉತ್ತರ ಬಂತು: ಈ ಯಂತ್ರದ ದುರಸ್ತಿಗೆ ತಮ್ಮ ಅಧಿಕೃತ ಸೇವಾದಾರರು ಮೂವರಿದ್ದಾರೆ, ಅವರಲ್ಲಿ ಇಬ್ಬರಿಗೆ ಎರಡು ವರ್ಷಗಳ ಹಿಂದೆಯೇ ಅಧಿಕಾರ ಕೊಟ್ಟಿದ್ದೇವೆ ಎಂದು. ಅಂದರೆ ಮೊದಲ ವರ್ಷ ಬರೆದ ವಾಕ್ಯ ಆಗ ನಿಜವಾಗಿದ್ದಿರಬಹುದು. ಈಗಿನ ಗುತ್ತಿಗೆಗೆ ಇನ್ನೂ ಏಳು ತಿಂಗಳಿದೆ. ಅದನ್ನು ನಡುವೆ ನಿಲ್ಲಿಸಬೇಕೇ?

ಉತ್ತರ: ವಕೀಲರು

ಅದು ಗುತ್ತಿಗೆಯ ರದ್ದತಿ ಷರತ್ತನ್ನು ಓದಿ ನಿರ್ಧರಿಸಬೇಕಾದ ವಿಷಯ. ಅವಸರದಲ್ಲಿ ನಿಲ್ಲಿಸಿದರೆ ಪರಿಹಾರ ಕೊಡಬೇಕಾದೀತು. ತಯಾರಕರ ಪತ್ರವನ್ನು 38ನೆಯ ಪುಟವಾಗಿ ಸೇರಿಸಿ, ಯಂತ್ರದ ಕೆಲಸದ ವಿವರಣೆಯನ್ನು ಈ ತಿಂಗಳೇ ಬರೆಯಲು ಶುರುಮಾಡಿ, ಟೆಂಡರಿನ ವೇಳಾಪಟ್ಟಿಯನ್ನು ಗುತ್ತಿಗೆ ಮುಗಿಯುವ ದಿನದಿಂದ ಹಿಂದಕ್ಕೆ ಎಣಿಸಿ ಮಂಡಿಸಿ. ಏಳು ತಿಂಗಳಾದ ಮೇಲೆ ‘ಸಮಯವಿರಲಿಲ್ಲ’ ಎಂದು ಯಾರೂ ಬರೆಯುವಂತಾಗಬಾರದು.